ಹಂಡೆಯ ಮೇಲಿನ ಹೆಸರು

ನಾನು ಹುಟ್ಟಾ ಪುಕ್ಕಲಿ. ಹಿರೇಕೆರೂರಿನ ತವರಿನಲ್ಲಿ ಹಲ್ಲಿ ಲೊಚಗುಟ್ಟಿದರೂ ಅವ್ವನ ಸೆರಗು ಹಿಡಿಯುತ್ತಿದ್ದೆ. ಅಂಥವಳನ್ನು ಸವಣೂರಿನ ಒಂದು ಮನೆಗೆ ಕೊಟ್ಟರು. ಹುಡುಗ ಶಾಲೆಯ ಮಾಸ್ತರ, ಮನೆಯಲ್ಲಿ ತಾಯಿ ಒಬ್ಬಳೇ, ನಾದಿನಿ-ಮೈದುನರ ಕಾಟವಿಲ್ಲ ಎಂದು ಅಪ್ಪ ಎಲ್ಲ ವಿಚಾರಿಸಿಯೇ ಕೊಟ್ಟಿದ್ದ. ಬಚ್ಚಲಮನೆಯೊಂದನ್ನು ಮಾತ್ರ ಯಾರೂ ವಿಚಾರಿಸಿರಲಿಲ್ಲ.

ಆ ಬಚ್ಚಲಲ್ಲಿ ಎರಡು ತಾಮ್ರದ ಹಂಡೆಗಳಿದ್ದವು. ಒಂದು ಒಲೆಯ ಮೇಲೆ ಕೂತು ದಿನಾ ಮೈತೊಳೆಯಲು ನೀರು ಕಾಯಿಸುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಬೋರಲಾಗಿ, ಮೈತುಂಬ ಮಸಿ ಹೊದ್ದು ಕೂತಿರುತ್ತಿತ್ತು. ಹೊಸ ಸೊಸೆ ನಾನು, ಅದ್ಯಾಕೆ ಎಂದು ಕೇಳಲಿಲ್ಲ. ನನ್ನ ಗಂಡನಿಗೆ ಹಾನಗಲ್ಲಿನ ಹತ್ತಿರದ ಹಳ್ಳಿಯಲ್ಲಿ ನೌಕರಿ. ಹಾನಗಲ್ಲಿನಲ್ಲಿ ಒಂದು ಖೋಲಿ ಹಿಡಿದುಕೊಂಡಿದ್ದರು, ಶನಿವಾರ ಸಂಜೆ ಊರಿಗೆ ಬರುವರು, ಸೋಮವಾರ ಬೆಳಿಗ್ಗೆ ಹೋಗುವರು. ಹೀಗಾಗಿ ವಾರವೆಲ್ಲ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ.

ಬಂದು ಒಂದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅತ್ತೆ ಮುಂಬಾಗಿಲಿನ ಅಗಳಿ ಹಾಕಿ ಬಂದು ಮೂಲೆಯ ಹಂಡೆಯನ್ನು ಎತ್ತಿ ಒಲೆಯ ಮೇಲಿಟ್ಟರು. ಹಿತ್ತಲ ತಿಪ್ಪೆಯಲ್ಲಿ ಹೂತಿಟ್ಟ ಗಡಿಗೆಯಿಂದ ಹುಳಿಬಂದ ಬೆಲ್ಲ ಮತ್ತು ಜಾಲಿ ತೊಗಟೆಯ ನೀರನ್ನು ತಂದು ಸುರಿದರು. ಹಂಡೆಯ ಬಾಯಿಗೆ ಒಂದು ಮಣ್ಣಿನ ಗಡಿಗೆಯನ್ನು ಬೋರಲು ಹಾಕಿ, ಸಂದಿಗೆ ಕಣಕ ಮೆತ್ತಿದರು. ಗಡಿಗೆಯ ಪಕ್ಕದ ತೂತಿಗೆ ಮಾರುದ್ದದ ತಾಮ್ರದ ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ತಣ್ಣೀರಲ್ಲಿ ಕೂರಿಸಿದ ತಂಬಿಗೆಗೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಹನಿ ಬೀಳತೊಡಗಿತು. ಕಸಬರಿಗೆ ಹಿಡಿದು ನಿಂತಿದ್ದ ನಾನು ನಿಂತೇ ಇದ್ದೆ.

"ಹಂಗ್ಯಾಕ ನೋಡ್ತೀಯಬೇ? ನಿನ್ನ ಗಂಡ ಇದರಾಗ ದೊಡ್ಡಾವ ಆಗ್ಯಾನ" ಎಂದರು ಅತ್ತೆ, ಒಲೆಗೆ ಇನ್ನೊಂದು ಕಟ್ಟಿಗೆ ಸರಿಸುತ್ತ.

ಆಗ ನಮ್ಮ ಕಡೆ ದಾರೂಬಂದಿ. ಮುಂಬಯಿ ಸರಕಾರದ ಕಾಲದ ಕಾಯ್ದೆ ಅದು. ನಾವು ಮೈಸೂರು ರಾಜ್ಯಕ್ಕೆ ಸೇರಿದರೂ ಕಾಯ್ದೆ ನಮ್ಮನ್ನು ಬಿಟ್ಟಿರಲಿಲ್ಲ. ಕುಡಿದವನಿಗೆ ಶಿಕ್ಷೆ, ಇಳಿಸಿದವನಿಗೆ ಶಿಕ್ಷೆ, ಇಳಿಸುವ ಸಾಮಾನು ಮನೆಯಲ್ಲಿ ಇಟ್ಟುಕೊಂಡವನಿಗೂ ಶಿಕ್ಷೆ. ಮಾವ ಜ್ವರದಲ್ಲಿ ತೀರಿಕೊಂಡಾಗ ನಮ್ಮವರಿಗೆ ನಾಲ್ಕು ವರ್ಷವಂತೆ. ಅತ್ತೆ ಈ ವಿದ್ಯೆಯನ್ನು ಯಾರಿಂದ ಕಲಿತರು ಎಂದು ಕೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ. ಮಜ್ಜಿಗೆಗೆ ಬಂದವರ ಹಾಗೆ ತಂಬಿಗೆ ಹಿಡಿದು ಬರುವ ಮೂರ್ನಾಲ್ಕು ಹೆಂಗಸರಿದ್ದರು. ಅವರಿಗಷ್ಟೇ ಕೊಡುತ್ತಿದ್ದರು.

ಅಂದಿನಿಂದ ನನಗೆ ನೆಮ್ಮದಿ ಎಂಬುದಿಲ್ಲ. ನನ್ನ ಸೀರೆ ನಾರುತ್ತಿದೆಯೇ, ಕೂದಲು ನಾರುತ್ತಿದೆಯೇ ಎಂದು ಮೂಸಿಕೊಳ್ಳುವುದೇ ಕೆಲಸವಾಯಿತು. ಬಾವಿಗೆ ಹೋದರೆ ಪಕ್ಕದವಳು ಮೂಗು ತೀಡಿಕೊಂಡರೂ ಅರ್ಧ ಕೊಡದಲ್ಲೇ ಮನೆಗೆ ಓಡುತ್ತಿದ್ದೆ. ಅತ್ತೆಗೆ ಮಾತ್ರ ಏನೂ ಇಲ್ಲ. ಒಬ್ಬಟ್ಟಿನ ಹೂರಣ ನೋಡಿಕೊಂಡಷ್ಟೇ ನಿಗಾದಿಂದ ಆ ಹನಿ ನೋಡಿಕೊಂಡು ಕೂತಿರುತ್ತಿದ್ದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಆ ಸಿಟ್ಟಿನಲ್ಲಿ ರೊಟ್ಟಿ ಬಡಿಯುವುದು ನಾಲ್ಕು ಮನೆಗೆ ಕೇಳಿಸುತ್ತಿತ್ತು.

ನಮ್ಮವರಿಗೆ ಎಲ್ಲವೂ ಗೊತ್ತಿತ್ತು, ಏನೂ ಆಡುತ್ತಿರಲಿಲ್ಲ. ಒಂದು ಶನಿವಾರ ಬಂದವರು ಊಟಕ್ಕೆ ಕೂರದೆ ತಾಯಿಯ ಮುಂದೆ ಕೂತರು. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡುವ ಮುಂಚೆ ಮನೆತನ, ನಡತೆ ಎಲ್ಲದರ ವಿಚಾರಣೆ ಆಗುತ್ತದೆ ಎಂದು ಸುದ್ದಿ ಬಂದಿತ್ತು. ಮೇಲಾಗಿ ಶಾಲೆಯ ಮಕ್ಕಳನ್ನು ಸಾಲು ಹಚ್ಚಿ, ಕುಡಿತ ಬಿಡಿರಿ ಎಂದು ಕೂಗಿಸುತ್ತ ಪ್ರಭಾತಫೇರಿ ತೆಗೆಯುವ ಕೆಲಸವನ್ನು ಇವರಿಗೇ ಹಚ್ಚಿದ್ದರು.

"ನಾ ಓಣ್ಯಾಗ ಒದರಿಸಿಕೊಂತ ಹೋಗೂದು, ನೀ ಮನ್ಯಾಗ ಇಳಸೂದು. ಸಾಕವ್ವಾ ಇನ್ನ. ಸಿಕ್ಕರ ನೀ ಜೈಲಿಗೆ, ನಾ ಮನಿಗೆ" ಎಂದರು.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು, "ಆತು, ಬಿಟ್ಟೆ" ಎಂದರು. ಬಿಟ್ಟರು ಕೂಡ. ಹಂಡೆಯನ್ನು ಚೂರು ಮಾಡಿಸಿ ಗುಜರಿಯವನ ಮೋಡಕಾಕ್ಕೆ ಹಾಕುತ್ತೇನೆ, ಮನೆ ಕೀಲಿ ಹಾಕಿಕೊಂಡು ಸೊಸೆಯೊಂದಿಗೆ ಹಾನಗಲ್ಲಿಗೇ ಬಂದುಬಿಡುತ್ತೇನೆ ಎಂದು ಮಗನಿಗೆ ಮಾತು ಕೊಟ್ಟರು. ಆ ರಾತ್ರಿ ನಾನು ಮದುವೆಯಾದ ಮೇಲೆ ಮೊದಲ ಸಲ ಗಾಢ ನಿದ್ದೆ ಮಾಡಿದೆ. ಆ ಸುಖ ಬಹಳ ದಿನ ಇರಲಿಲ್ಲ.

"ನನ್ನ ಮದುವ್ಯಾಗ ನಮ್ಮಪ್ಪ ಆಯಾರ ಮಾಡಿದ ಹಂಡೆ ಅದು. ಗಟ್ಟಿ ತಾಮ್ರ. ಅದನ್ನ ಸುತ್ತಿಗಿಲೆ ಬಡಸೂದ? ನನ್ನ ಎದಿ ಬಡದಂಗಾಕ್ಕೈತಿ" ಎಂದರು ಅತ್ತೆ ಸೋಮವಾರ, ಮಗ ಬಸ್ಸು ಹತ್ತಿದ ಮೇಲೆ. ಬಂಕಾಪುರದಿಂದ ಹಾನಗಲ್ಲಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಅವರಿಗೆ ಗೊತ್ತಿದ್ದ ಹೆಂಗಸೊಬ್ಬಳಿದ್ದಳು. ಅವಳೂ ಇದೇ ಕೆಲಸದವಳು. ಮಣ್ಣಿನ ಮಡಕೆಯಲ್ಲಿ ಇಳಿಸಿ ಇಳಿಸಿ ಒಡೆದುಕೊಂಡು, ತಾಮ್ರದ ಹಂಡೆ ಸಿಕ್ಕರೆ ಹೇಳಿರೆಂದು ಎಂದೋ ಕೇಳಿಟ್ಟಿದ್ದಳಂತೆ. ಅವಳಿಗೆ ಮಾರುವುದು ಎಂದಾಯಿತು. ಮಗನಿಗೆ ಮೋಡಕಾಕ್ಕೆ ಹಾಕಿದೆ ಎನ್ನುವುದು. ನಾನು ಬೇಡ ಎನ್ನಬೇಕಿತ್ತು. ಅತ್ತೆಗೆ ಬೇಡ ಎನ್ನಲೂ ನನಗೆ ಹೆದರಿಕೆ.

ಮಾರುವ ಮುಂಚೆ ತಿಕ್ಕಬೇಕು ಎಂದರು. ಮಸಿ ಹಿಡಿದ ಭಾಂಡೆಯನ್ನು ಮನೆಯಿಂದ ಹೊರಗೆ ಕೊಟ್ಟರೆ ಹೆಂಗಸಿನ ಮರ್ಯಾದೆ ಏನಾಗಬೇಕು? ಕಳ್ಳ ಮಾಲಾದರೂ ಥಳಥಳ ಹೊಳೆಯಬೇಕು. ನಾನೂ ಅವ್ವನ ಕೈಯಲ್ಲಿ ಭಾಂಡೆ ತಿಕ್ಕಲು ಕಲಿತವಳೇ. ಹುಣಸೆಹಣ್ಣು, ಉಪ್ಪು, ಇಟ್ಟಂಗಿ ಪುಡಿ ಹಚ್ಚಿ ಅರ್ಧ ದಿನ ತಿಕ್ಕಿದೆ. ಹತ್ತಿಪ್ಪತ್ತು ವರ್ಷದ ಮಸಿ ಕಿತ್ತು ಬಂದು ತಾಮ್ರ ಕೆಂಪಗೆ ಹೊಳೆಯಿತು. ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಉಳಿಯಿಂದ ಕೆತ್ತಿದ ಅಕ್ಷರಗಳು ಎದ್ದವು.

"ಏನ ಬರದೈತಬೇ? ನಾಕನೇತ್ತೆ ಕಲತೀಯಲ್ಲ, ಓದು" ಎಂದರು ಅತ್ತೆ.

ಓದಿದೆ, ಮನಸ್ಸಿನಲ್ಲಿ. ಬಾಯಿ ಬಿಟ್ಟು ಓದುವ ಹಾಗಿರಲಿಲ್ಲ. ಮದುವೆಯ ಹಂಡೆಯ ಮೇಲೆ ಅಳಿಯನ ಹೆಸರು ಕೆತ್ತಿಸುವುದು ಪದ್ಧತಿ. ಅದು ಮಾವನ ಹೆಸರು, ಕೆಳಗೆ ಸವಣೂರು ಎಂದು ಊರು. ಸೊಸೆ ಮಾವನ ಹೆಸರನ್ನು ನಾಲಿಗೆಗೆ ತರಬಾರದು, ಹೆಂಡತಿ ಗಂಡನ ಹೆಸರನ್ನು ತರಬಾರದು. ಹೆಂಡತಿಯಾದವಳು ಮದುವೆ-ಮುಂಜಿಯಲ್ಲಿ ನಾಲ್ಕು ಜನ ಕಾಡಿದಾಗ ಪ್ರಾಸಕಟ್ಟಿದ ಒಡಪಿನಲ್ಲಿ ಸೇರಿಸಿ ಒಮ್ಮೆ ಹೇಳಿದರೆ ಹೇಳಿದಳು. ಅತ್ತೆಗೆ ಗಂಡ ಹೋದ ದಿನದಿಂದ ಆ ಒಡಪೂ ನಿಂತಿತ್ತು.

"ಮಾವಾರ ಹೆಸರೈತ್ರಿ" ಎಂದೆ.

"ಹೌದ?" ಎಂದು ಅತ್ತೆ ಹತ್ತಿರ ಬಂದು, ಒದ್ದೆ ಬೆರಳಿನಿಂದ ಆ ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟಿದರು. ಓದು ಬಾರದ ಅವರಿಗೆ ಇಷ್ಟು ವರ್ಷ ಏನು ಬರೆದಿದೆ ಎಂದೇ ಗೊತ್ತಿರಲಿಲ್ಲ. ಮುಖ ಕೆಂಪಗಾಗಿ, ಮದುಮಗಳ ಹಾಗೆ ನಕ್ಕರು. ನಾನೂ ನಕ್ಕೆ. ಆ ಹೊತ್ತಿಗೆ ನಮ್ಮಿಬ್ಬರಲ್ಲಿ ಒಬ್ಬಳಿಗಾದರೂ ಬುದ್ಧಿ ನೆಟ್ಟಗಿರಬೇಕಿತ್ತು. ಇರಲಿಲ್ಲ. ಹಂಡೆಯನ್ನು ಒರೆಸಿ ಬಿಸಿಲಿಗೆ ಇಟ್ಟೆವು.

ಮರುದಿನ ಹೊರಟೆವು. ಮಣ್ಣಿನ ಗಡಿಗೆಯನ್ನು ಒಡೆದು ತಿಪ್ಪೆಗೆ ಹಾಕಿದ್ದಾಗಿತ್ತು. ಹಂಡೆ ಬಸ್ಸಿನ ಮೇಲೆ ಹೋಯಿತು. ನಳಿಗೆಯನ್ನು ಎರಡು ಕೌದಿಯೊಳಗೆ ಇಟ್ಟು ಸುತ್ತಿ ಹಗ್ಗ ಬಿಗಿದು ನನ್ನ ತೊಡೆಯ ಮೇಲೆ ಕೂರಿಸಿದರು. ಬರೀ ಹಂಡೆಯಾದರೆ ಯಾರೂ ಏನೂ ಅನ್ನುವಂತಿಲ್ಲ. ನಳಿಗೆ ಸಿಕ್ಕರೆ ಮುಗಿಯಿತು. ಆ ಕೌದಿಯ ಸುರುಳಿಯನ್ನು ನಾನು ಎಷ್ಟು ಬಿಗಿಯಾಗಿ ಅಪ್ಪಿಕೊಂಡಿದ್ದೆನೆಂದರೆ ಶಿಗ್ಗಾಂವಿ ಬರುವ ಹೊತ್ತಿಗೆ ತೋಳು ಜೋಮು ಹಿಡಿದಿತ್ತು.

ಶಿಗ್ಗಾಂವಿಯಲ್ಲಿ ಇನ್ನೊಂದು ಬಸ್ಸು ಹತ್ತಿ ಕೂತೆವು. ಅದು ಹೊರಡುವ ಮೊದಲು ಒಬ್ಬ ಪೊಲೀಸ ಹತ್ತಿ, ಬುಟ್ಟಿ ಗಂಟುಗಳನ್ನು ಲಾಠಿಯಿಂದ ತಿವಿಯುತ್ತ ಬಂದ. ಮೇಲೆ ಇರುವ ಹಂಡೆ ಯಾರದು ಎಂದ.

"ನಮ್ಮದ್ರೀ ಸಾಹೇಬ್ರ. ಸೊಸಿ ಬಸರಿ ಅದಾಳ್ರಿ. ತವರಿಗೆ ಬಿಡಾಕ ಹೊಂಟೇನ್ರಿ. ಬಾಣಂತಿಗೆ ನೀರು ಕಾಸಾಕ ಹಂಡೆ, ಹೊಚ್ಚಾಕ ಕೌದಿ" ಎಂದರು ಅತ್ತೆ, ಒಂದೇ ಉಸಿರಿಗೆ.

ನಾನು ಬಸುರಿಯಾಗಿರಲಿಲ್ಲ. ಪೊಲೀಸ ನನ್ನ ಮುಖ ನೋಡಿದ. ಬೆವರಿ ಬಿಳುಚಿಕೊಂಡಿದ್ದ ನನ್ನನ್ನು ನೋಡಿ ನಿಜವೆಂದೇ ಅಂದುಕೊಂಡಿರಬೇಕು, ಲಾಠಿ ಹಿಂದೆ ತೆಗೆದುಕೊಂಡ. ಆದರೆ ಹಿಂದಿನ ಸೀಟಿನ ಮುದುಕಿಯೊಬ್ಬಳು ಸುಮ್ಮನಿರಬೇಕಲ್ಲ!

"ಇದೆಂಥಾ ತವರ ಮನಿಯಬೇ? ಬಾಣಂತನಕ್ಕ ಒಂದ ಹಂಡೇನೂ ಇಲ್ಲದಷ್ಟ ಗತಿಗೇಡಿಗಳೇನು?"

ಬಸ್ಸಿನಲ್ಲಿ ನಾಲ್ಕು ಜನ ನಕ್ಕರು, ಪೊಲೀಸನೂ ನಕ್ಕು ಇಳಿದುಹೋದ. ಅಷ್ಟು ಹೆದರಿಕೆಯಲ್ಲೂ ನನ್ನ ಮೈ ಉರಿಯಿತು. ನಮ್ಮ ತವರಲ್ಲಿ ಮೂರು ಹಂಡೆ ಇವೆ ಎಂದು ಒದರಬೇಕೆನಿಸಿತು. ತುಟಿ ಕಚ್ಚಿಕೊಂಡು ತಲೆ ತಗ್ಗಿಸಿ ಕೂತೆ. ಬಸ್ಸು ಹೊರಟ ಮೇಲೆ ಇನ್ನೊಂದು ಹೆದರಿಕೆ ಶುರುವಾಯಿತು. ಇಲ್ಲದ ಬಸುರನ್ನು ಇದೆ ಎಂದು ಹೇಳಿಸಿಕೊಂಡೆನಲ್ಲ, ದೇವರು ಕೇಳಿಸಿಕೊಂಡು ನಾಳೆ ನಿಜವಾಗಿ ಕೊಡದೆ ಹೋದರೆ?

ದಾರಿಯ ಆ ಹಳ್ಳಿಯಲ್ಲಿ ಇಳಿದೆವು. ಹಂಡೆ ಕೊಳ್ಳುವ ಹೆಂಗಸು ಹಣೆಯ ಮೇಲೆ ಹಸಿರು ಹಚ್ಚೆ ಹಾಕಿಸಿಕೊಂಡ ಬಡಕಲು ಮೈಯವಳು. ಊರ ಹೊರಗೆ ಗುಡಿಸಲು. ಗಂಡ ಇದ್ದನೋ ಇಲ್ಲವೋ ತಿಳಿಯಲಿಲ್ಲ. ಹಂಡೆಯಲ್ಲಿ ನೀರು ತುಂಬಿ ಸೋರುತ್ತದೆಯೇ ನೋಡಿದಳು, ನಳಿಗೆಯ ಒಂದು ತುದಿಗೆ ಬಾಯಿಟ್ಟು ಊದಿ ಇನ್ನೊಂದು ತುದಿಗೆ ಅಂಗೈ ಹಿಡಿದಳು. ಬೇಗ ಕೊಟ್ಟು ಹೋಗೋಣ ಎಂದು ನಾನು ಸಂಕಟಪಡುತ್ತಿದ್ದರೆ ಅತ್ತೆ ನೆಲದ ಮೇಲೆ ಕೂತು ಪಾಠ ಶುರುಮಾಡಿದರು. ನಳಿಗೆ ಎಷ್ಟು ಇಳಿಜಾರಿರಬೇಕು, ಕಣಕ ಎಷ್ಟು ಗಟ್ಟಿ ಇರಬೇಕು, ಉರಿ ಯಾವಾಗ ತೆಗೆಯಬೇಕು. ಹಚ್ಚೆಯವಳು ತಲೆಯಾಡಿಸುತ್ತ ಕೇಳಿದಳು. ಕೊನೆಗೆ ಹೊರಡುವಾಗ ಹಂಡೆಯ ಮೇಲೆ ಕೈಯಾಡಿಸಿ, "ಎಷ್ಟ ಚಂದ ತಿಕ್ಕಿಕೊಟ್ಟೀರಿ ಅಕ್ಕಾರ" ಎಂದಳು. ಅತ್ತೆ ನನ್ನ ಕಡೆ ಕೈ ತೋರಿಸಿದರು. ನಾನು ಹಿಗ್ಗಿದೆ.

ಸವಣೂರಿನ ಮನೆಗೆ ಕೀಲಿ ಹಾಕಿ, ಸಾಮಾನು ಸಮೇತ ಹಾನಗಲ್ಲಿನ ಬಾಡಿಗೆ ಮನೆಗೆ ಬಂದು ಹತ್ತು ದಿನವಾಗಿರಬೇಕು. ನನ್ನ ತವರಿನ ಆಯಾರದ ತಂಬಿಗೆ ಚರಿಗೆಗಳನ್ನು ಹಲಗೆಯ ಮೇಲೆ ಜೋಡಿಸುತ್ತಿದ್ದೆ. ತಂಬಿಗೆಯೊಂದರ ಮೇಲೆ ನಮ್ಮವರ ಹೆಸರು, ಅದರ ಮುಂದೆ ಅವರ ಅಪ್ಪನ ಹೆಸರು, ಊರು, ಚುಕ್ಕೆ ಚುಕ್ಕೆಯಾಗಿ. ನೋಡುತ್ತ ನೋಡುತ್ತ ಹಂಡೆ ನೆನಪಾಯಿತು. ತಂಬಿಗೆ ಕೈಯಿಂದ ಬಿದ್ದು ಉರುಳಿತು.

"ಅತ್ತೀ, ಹಂಡೆದ ಮ್ಯಾಲ ಹೆಸರು ಹಂಗ ಬಿಟ್ಟ ಬಂದೇವಲ್ರಿ!"

ಅತ್ತೆಗೆ ಕೂಡಲೇ ಹೊಳೆಯಲಿಲ್ಲ. "ಆಕಿಗೆ ಓದಾಕ ಬರಾಂಗಿಲ್ಲ ತಗಿ" ಎಂದರು.

"ಪೊಲೀಸರಿಗೆ ಬರ್ತೈತ್ರಿ" ಎಂದೆ. ಆಗ ಅತ್ತೆ ಮೆಲ್ಲಗೆ ಗೋಡೆಗೆ ಆತು ಕೂತರು. ಅವರ ಮುಖದಲ್ಲಿ ಹೆದರಿಕೆ ನೋಡಿದ್ದು ನಾನು ಅದೇ ಮೊದಲು. ಅದನ್ನು ನೋಡಿ ನನ್ನ ಹೆದರಿಕೆ ಎರಡು ಪಟ್ಟಾಯಿತು. ಮತ್ತೆ ಮಸಿ ಹಿಡಿಸು ಎಂದು ಅವಳಿಗೆ ಹೇಳಿ ಕಳಿಸೋಣವೆಂದರೆ ನಂಬಿ ಕಳಿಸುವಂಥವರು ಯಾರೂ ಇರಲಿಲ್ಲ. ನಾವೇ ಹೋಗೋಣವೆಂದರೆ ಮಗನಿಗೆ ಏನು ಹೇಳುವುದು? ದಿನ ದೂಡಿದೆವು. ಆ ದಿನಗಳಲ್ಲೇ ನಾನು ನಿಜವಾಗಿ ಬಸುರಿಯಾದೆ. ಸಂತೋಷಪಡಲೂ ಹೆದರಿಕೆಯಾಯಿತು.

ಅದು ಆದದ್ದು ನನಗೆ ಐದು ತಿಂಗಳಿದ್ದಾಗ. ನಮ್ಮವರು ಶಾಲೆಯಿಂದ ಸಂಜೆ ತಡವಾಗಿ ಬಂದರು. ಸೈಕಲ್ಲು ಗೋಡೆಗೆ ಆನಿಸಿ, ಕಾಲು ತೊಳೆಯದೆ ಒಳಗೆ ಬಂದು ತಾಯಿಯ ಮುಂದೆ ನಿಂತರು. ಧೋತರದ ಚುಂಗಿನ ತುಂಬ ಮಸಿಯಾಗಿತ್ತು.

"ಅವ್ವಾ, ಹಂಡೆ ಮೋಡಕಾಕ್ಕ ಹಾಕಿದೆ ಅಂದಿದ್ದಿ."

ಅತ್ತೆ ಕೂತಲ್ಲಿಂದ ಎದ್ದರು.

"ಇವತ್ತ ಅದನ್ನ ನಾ ನೋಡಿದೆ."

ಮಧ್ಯಾಹ್ನ ಫೌಜದಾರರು ಶಾಲೆಗೇ ಬಂದಿದ್ದರಂತೆ. ಪಕ್ಕದ ಹಳ್ಳಿಯಲ್ಲಿ ದಾಳಿ ಮಾಡಬೇಕಾಗಿದೆ, ಪಂಚನಾಮೆಗೆ ಓದುಬರಹ ಬಲ್ಲ ಪಂಚರು ಬೇಕು, ಮಾಸ್ತರರ ಅಕ್ಷರ ಮುತ್ತಿನಂತಿದೆ, ನಡೆಯಿರಿ ಎಂದರಂತೆ. ಸಿಕ್ಕ ಪ್ರತಿಯೊಂದು ಸಾಮಾನನ್ನೂ ಇವರೇ ನೋಡಿ, ಇವರೇ ಬರೆದು, ಕೆಳಗೆ ಸಹಿ ಮಾಡಬೇಕು. ನಮ್ಮವರು ಯಾವ ಕೆಲಸವನ್ನೂ ಅರೆಬರೆ ಮಾಡಿದವರಲ್ಲ. ಹಂಡೆಯ ಕಂಠದ ಹತ್ತಿರ ಏನೋ ಮೆತ್ತಿದ್ದು ಕಂಡು, ಗುರುತು ಇದ್ದರೆ ಬರೆಯಬೇಕಲ್ಲ ಎಂದು ತಾವೇ ಧೋತರದಿಂದ ಒರೆಸಿದರು. ಒರೆಸಿದ ಕಡೆ ಅವರ ಅಪ್ಪ ಇದ್ದ.

"ಸಾಹೇಬ್ರು ಕೇಳಿದ್ರು, ಏನರ ಬರದೈತೇನ್ರಿ ಮಾಸ್ತರ ಅಂತ. ಅಕ್ಷರ ಅದಾವ್ರಿ, ಸವದಾವ, ಓದಾಕ ಬರಾಂಗಿಲ್ಲ ಅಂದೆ. ಹಂಗ ಬರದೆ. ಕೆಳಗ ನನ್ನ ಸಹಿ ಮಾಡಿದೆ."

ನಮ್ಮ ಕಡೆ ಗಂಡಸಿನ ಸಹಿಯೆಂದರೆ ಅವನ ಹೆಸರು, ಅದರ ಮುಂದೆ ಅವನ ಅಪ್ಪನ ಹೆಸರು. ಮೇಲಿನ ಸಾಲಿನಲ್ಲಿ ಓದಲು ಬರುವುದಿಲ್ಲ ಎಂದು ಬರೆದ ಹೆಸರನ್ನೇ ಕೆಳಗಿನ ಸಾಲಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದು ಬಂದಿದ್ದರು. ಹಂಡೆಯನ್ನೂ ಕಾಗದವನ್ನೂ ಒಟ್ಟಿಗೆ ನೋಡಿದ ಯಾರಿಗಾದರೂ ಕಣ್ಣಿಗೆ ಹೊಡೆಯುವಂತಿತ್ತು.

"ಅದರ ಮ್ಯಾಲ ಯಾರ ಹೆಸರೈತಿ ಅಂತ ನಿನಗ ಗೊತ್ತಿತ್ತೇನವ್ವಾ?"

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಹೌದೆಂದು ತಲೆಯಾಡಿಸಿದರು. ನಮ್ಮವರು ಬಚ್ಚಲಿಗೆ ಹೋಗಿ ಧೋತರದ ಚುಂಗನ್ನು ತಾವೇ ಒಗೆಯತೊಡಗಿದರು. ನಾನು ಒಗೆಯುತ್ತೇನೆ ಕೊಡಿರಿ ಎಂದರೂ ಕೊಡಲಿಲ್ಲ.

ಮುಂದಿನ ಎರಡು ತಿಂಗಳು ಹೇಗೆ ಕಳೆದೆವೋ. ಜಪ್ತಿಯಾದ ಸಾಮಾನುಗಳನ್ನು ಹಾನಗಲ್ಲಿನ ಪೊಲೀಸ್ ಕಚೇರಿಯ ಪಡಸಾಲೆಯಲ್ಲಿ ಒಟ್ಟಿದ್ದರು. ಪೇಟೆಗೆ ಹೋಗಬೇಕಾದರೆ ಆ ಕಚೇರಿಯ ಮುಂದೆಯೇ ಹಾಯಬೇಕು. ಕೊಡ, ಡಬ್ಬಿ, ಮಡಕೆಗಳ ನಡುವೆ ನಮ್ಮ ಹಂಡೆ ಕೂತಿತ್ತು, ಕಂಠಕ್ಕೆ ಒಂದು ಚೀಟಿ ಕಟ್ಟಿಸಿಕೊಂಡು. ನಮ್ಮವರು ಒರೆಸಿದಷ್ಟು ಜಾಗ ಬಿಸಿಲಿಗೆ ಮಿಂಚುತ್ತಿತ್ತು. ಆ ಪಡಸಾಲೆಯಲ್ಲಿ ಜನ ಬೀಡಿ ಸೇದುತ್ತ ಗಂಟೆಗಟ್ಟಲೆ ಕೂತಿರುತ್ತಿದ್ದರು. ಅವರಲ್ಲಿ ಒಬ್ಬನಿಗೆ ಬೇಸರವಾಗಿ ಬಗ್ಗಿ ಓದಿದರೆ ಸಾಕು. ನೋಡಬಾರದು ಎಂದುಕೊಂಡೇ ಹೋಗುತ್ತಿದ್ದೆ, ನೋಡಿಯೇ ಬರುತ್ತಿದ್ದೆ. ಮನೆಗೆ ಬಂದರೆ ಅತ್ತೆ, "ಐತೇನು?" ಎನ್ನುವರು. "ಐತ್ರಿ" ಎನ್ನುವೆ. ಮೊದಲು ನೌಕರಿಯ ಹೆದರಿಕೆ, ಅತ್ತೆಯ ಜೈಲಿನ ಹೆದರಿಕೆ ಇತ್ತು. ಈಗ ಸುಳ್ಳು ಪಂಚನಾಮೆ ಬರೆದ ಮಗನೂ ಜೈಲಿಗೆ ಹೋಗುವ ಹೆದರಿಕೆ ಸೇರಿತು.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಹಚ್ಚೆಯವಳ ಬಾಯಿ. ಯಾರಿಂದ ತಂದೆ ಎಂದು ಕೇಳಿಯೇ ಕೇಳುತ್ತಾರೆ. ಅವಳು ಯಾಕೆ ಮುಚ್ಚಿಡಬೇಕು? ನಾವೇನು ಅವಳ ಬಳಗವೇ?

ಅವಳು ಕೋರ್ಟಿನಲ್ಲಿ ಗುನ್ನೆ ಒಪ್ಪಿಕೊಂಡಳು ಎಂದು ಒಂದು ದಿನ ನಮ್ಮವರು ಬಂದು ಹೇಳಿದರು. ಮೂರು ತಿಂಗಳ ಶಿಕ್ಷೆಯಾಯಿತು. ಯಾರ ಹೆಸರನ್ನೂ ಹೇಳಲಿಲ್ಲ. ಅದರ ಮುಂದಿನ ವಾರ ಪೇಟೆಗೆ ಹೊರಟಾಗ ಕಚೇರಿಯ ಹಿಂದಿನಿಂದ ಸುತ್ತಿಗೆಯ ಸದ್ದು ಕೇಳಿತು. ಜಪ್ತಿ ಭಾಂಡೆಗಳನ್ನು ಬಡಿದು ಚೂರು ಮಾಡಿ ಮೋಡಕಾಕ್ಕೆ ಹಾಕುತ್ತಿದ್ದರು. ಪಡಸಾಲೆಯಲ್ಲಿ ಹಂಡೆ ಇರಲಿಲ್ಲ. ನಾನು ಓಡಿ ಬಂದು ಹೇಳಿದೆ. ಅತ್ತೆ ಕೈ ಮುಗಿದರು, ಆಮೇಲೆ ಗೋಡೆಯ ಕಡೆ ಮುಖ ಮಾಡಿ ಅತ್ತರು. ಆ ಅಳು ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಏಳು ತುಂಬಿದ ಮೇಲೆ ನಾನು ಹಿರೇಕೆರೂರಿಗೆ ಹೋದೆ. ಗಂಡು ಕೂಸು ಹುಟ್ಟಿತು. ನಮ್ಮವರ ನೌಕರಿ ಕಾಯಂ ಆಯಿತೆಂಬ ಕಾಗದವೂ ಅದೇ ವಾರ ಬಂತು. ಮೊದಲ ಗಂಡು ಕೂಸಿಗೆ ತೀರಿದ ಅಜ್ಜನ ಹೆಸರನ್ನೇ ಇಡುವುದು ನಮ್ಮಲ್ಲಿ ನಡೆದುಬಂದದ್ದು, ಅದನ್ನು ಕೇಳುವ ಪ್ರಶ್ನೆಯೇ ಇಲ್ಲ. ಅತ್ತೆ ಹೆಸರಿಡುವ ದಿನಕ್ಕೆಂದು ಕುಲಾಯಿ ಹೊಲಿದು ತಂದಿದ್ದರು. ನಾನು ಬೇಡ ಎಂದೆ. ಹೌದು, ನಾನೇ ಅಂದದ್ದು. ಆ ಹೆಸರು ಎಲ್ಲಿಯಾದರೂ ಬರೆದದ್ದು ಕಂಡರೆ ಯಾರಿಗೆ ಏನು ನೆನಪಾಗುತ್ತದೋ, ಯಾಕೆ ಬೇಕು, ದೇವರ ಹೆಸರೊಂದು ಇಡೋಣ ಎಂದು ಹಟ ಹಿಡಿದೆ. ನಮ್ಮವರು ತಾಯಿಯ ಮುಖ ನೋಡಿದರು. "ಬಾಣಂತಿ ಹೆದರ್ಯಾಳ, ಆಕಿ ಹೇಳಿದಂಗ ಆಗಲಿ" ಎಂದರು ಅತ್ತೆ. ಕೂಸಿಗೆ ಬೇರೆ ಹೆಸರಾಯಿತು.

ಐದು ತಿಂಗಳ ಕೂಸನ್ನು ಎತ್ತಿಕೊಂಡು ಹಾನಗಲ್ಲಿಗೆ ಬಂದೆ. ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಕಂಡಿತು. ಹಣೆಯ ಮೇಲೆ ಹಸಿರು ಹಚ್ಚೆ. ಮೊದಲೇ ಬಡಕಲು, ಈಗ ಇನ್ನೂ ಅರ್ಧವಾಗಿದ್ದಳು. ಮಾಸ್ತರರ ಮನೆ ಯಾವುದು ಎಂದು ಓಣಿಯೆಲ್ಲ ಕೇಳಿಕೊಂಡು ಬಂದಿದ್ದಳು. ನಮ್ಮವರು ಶಾಲೆಯಲ್ಲಿದ್ದರು. ನಾನು ಕೂಸನ್ನು ಎದೆಗವಚಿಕೊಂಡು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಏನು ಕೇಳುತ್ತಾಳೋ, ಎಷ್ಟು ದಿನ ಕೇಳುತ್ತಾಳೋ ಎಂಬುದೇ ನನ್ನ ಚಿಂತೆ.

"ಹೆದರಬ್ಯಾಡ್ರಿ. ಏನೂ ಬೇಡಾಕ ಬಂದಿಲ್ಲ. ಒಂದೀಟು ನೀರು ಕೊಡ್ರಿ" ಎಂದು ಹೊಸ್ತಿಲ ಬಳಿ ಕೂತಳು.

ಅತ್ತೆ ನೀರು ತಂದುಕೊಟ್ಟು ಎದುರಿಗೆ ಕೂತರು. ಅವಳು ಗಟಗಟ ಕುಡಿದು ಬಾಯಿ ಒರೆಸಿಕೊಂಡಳು.

"ಪೊಲೀಸರು ಹಳ್ಳ ದಾಟಿದ್ದು ಕಂಡ ಕೂಡಲೆ ಮಸಿ, ಸಗಣಿ ಕಲಸಿ ಆ ಅಕ್ಷರದ ಮ್ಯಾಲ ಮೆತ್ತಿದ್ದೆ ಅಕ್ಕಾರ. ನನಗ ಓದಾಕ ಬರಾಂಗಿಲ್ಲ. ಭಾಂಡೆದ ಮ್ಯಾಲ ಬರದದ್ದು ಯಾರದರ ಹೆಸರ ಇರ್ತೈತಿ ಅನ್ನೂದು ಗೊತ್ತಿಲ್ಲೇನು? ಮಾಸ್ತರ ಬಂದು ಒರಸೇ ಬಿಟ್ರು. ಒರಸಿದ ಮ್ಯಾಲ ಅವರ ಮಾರಿ ನೋಡಿದೆ, ಆಗ ತಿಳೀತು ಯಾರ ಮಗ ಅಂತ."

ಅತ್ತೆ ಖಾಲಿ ತಂಬಿಗೆಯನ್ನು ಹತ್ತಿರ ಎಳೆದುಕೊಂಡರು.

"ಕೊಟ್ಟವರ ಹೆಸರು ಹೇಳು, ಬಿಟ್ಟಬಿಡ್ತೇನಿ ಅಂದ್ರು. ಸಂತ್ಯಾಗ ತಗೊಂಡೇನ್ರಿ, ಯಾರೋ ಏನೋ ಅಂದೆ. ಜೈಲಿನ್ಯಾಗ ಕುಂತು ದಿನಾ ಒಂದ ವಿಚಾರ. ಹೇಳಲಿಲ್ಲ, ಹೇಳಲಿಲ್ಲ ಅಂತೇನಿ, ಏನ ಹೆಸರದು ಅಂತ ನನಗ ಗೊತ್ತಿಲ್ಲಲ್ಲ! ಅಷ್ಟ ಕೇಳಿಕೊಂಡ ಹೋಗೂನು ಅಂತ ಬಂದೆ. ಏನಿತ್ರಿ ಹೆಸರು?"

ಓದಿದವಳು ನಾನು. ಸೊಸೆ ನಾನು, ಆಡುವಂತಿರಲಿಲ್ಲ. ಅತ್ತೆ ಎದ್ದು ನಿಂತರು. ತಲೆಯ ತುಂಬ ಸೆರಗು ಹೊದ್ದುಕೊಂಡರು. ಒಡಪಿಲ್ಲ, ಒಗಟಿಲ್ಲ, ಎರಡು ಕೈ ಜೋಡಿಸಿ ಗಂಡನ ಹೆಸರನ್ನು ಬಿಡಿಸಿ ಹೇಳಿದರು. ಅಷ್ಟು ವರ್ಷ ಆಡದ ಹೆಸರು, ಅರ್ಧಕ್ಕೆ ಒಮ್ಮೆ ತಪ್ಪಿತು. ಮತ್ತೆ ಮೊದಲಿನಿಂದ ಹೇಳಿದರು.

ಹಚ್ಚೆಯವಳು ಅದನ್ನು ತನ್ನಷ್ಟಕ್ಕೆ ಒಮ್ಮೆ ಅಂದುಕೊಂಡು ನೋಡಿದಳು.

"ಚಲೋ ಹೆಸರೈತಿ" ಎಂದಳು. ಹೋಗಲು ಎದ್ದವಳು ನನ್ನ ತೋಳಿನಲ್ಲಿದ್ದ ಕೂಸನ್ನು ಕಂಡು, ಹತ್ತಿರ ಬಂದು ಅದರ ಗದ್ದ ಮುಟ್ಟಿದಳು. "ಕೂಸಿಗೂ ಅದನ್ನ ಇಟ್ಟೀರಿ, ಹೌದಿಲ್ರಿ?"

ಅತ್ತೆ ನನ್ನ ಕಡೆ ನೋಡಲಿಲ್ಲ. ನಾನು ಹೌದೆಂದು ತಲೆಯಾಡಿಸಿದೆ.